ಪ್ರಾರ್ಥಿತಸ್ವಪ್ನ

ಸ್ವಪ್ನವಿಚಾರವೆಂದೊಡನೆ ಪಂಚಾಂಗದ ಸ್ವಪ್ನಫಲದ ಪಟ್ಟಿಯೇ ಬಹುಜನರ ನೆನಪಿಗೆ ಬರುವುದು. ಹಾವು ಕಂಡರೆ ಇಂಥ ಫಲ, ಹಲ್ಲು ಬಿದ್ದರೆ ಇಂಥ ಫಲ ಎಂಬ ಆ ಬರಹವನ್ನು ನೋಡಿ, ಪ್ರಾಚೀನರು ಕನಸಿನಲ್ಲಿ ಶಕುನವನ್ನಲ್ಲದೆ ಬೇರೇನನ್ನೂ ಹುಡುಕಲಿಲ್ಲವೆಂದು ಹೇಳುವವರುಂಟು. ಇದಕ್ಕೆ ಪ್ರತಿಯಾಗಿ, ಫ್ರಾಯ್ಡನ ಮತವೆಲ್ಲವೂ ಸಂಸ್ಕೃತ ಗ್ರಂಥಗಳಲ್ಲಿ ಮೊದಲೇ ಇದ್ದಿತೆಂದು ಹಿಗ್ಗುವವರೂ ಕಡಮೆಯಿಲ್ಲ. ಎರಡೂ ಗ್ರಂಥವನ್ನು ಬಿಚ್ಚಿ ನೋಡದೆ ಆಡುವ ಮಾತುಗಳು.

ಚರಕಸಂಹಿತೆಯ ಇಂದ್ರಿಯಸ್ಥಾನದ ಐದನೆಯ ಅಧ್ಯಾಯದಲ್ಲಿ ಸ್ವಪ್ನವು ಏಳು ಬಗೆಯೆಂದು ಹೇಳಿದೆ. ಎಚ್ಚರದಲ್ಲಿ ಕಂಡುದು ದೃಷ್ಟ, ಕೇಳಿದುದು ಶ್ರುತ, ಇತರ ಇಂದ್ರಿಯಗಳಿಂದ ಅರಿತುದು ಅನುಭೂತ, ಬಯಸಿದುದು ಪ್ರಾರ್ಥಿತ, ಮನಸ್ಸು ತಾನೇ ಕಟ್ಟಿಕೊಂಡುದು ಕಲ್ಪಿತ, ಮುಂದಾಗುವುದನ್ನು ಸೂಚಿಸುವುದು ಭಾವಿಕ, ವಾತಪಿತ್ತಕಫಗಳ ಪ್ರಕೋಪದಿಂದ ಹುಟ್ಟುವುದು ದೋಷಜ. ಇವುಗಳಲ್ಲಿ ಮೊದಲಿನ ಐದನ್ನೂ ವೈದ್ಯನು ನಿಷ್ಫಲವೆಂದು ತಿಳಿಯಬೇಕೆಂಬುದು ಅಲ್ಲಿನ ವಿಧಿ. ಇಲ್ಲಿ ವಾಚಕರು ಗಮನಿಸತಕ್ಕ ವಿಷಯವೊಂದಿದೆ. ಇಂದ್ರಿಯಸ್ಥಾನವು ಅರಿಷ್ಟಲಕ್ಷಣಗಳನ್ನು ಹೇಳುವ ಭಾಗ. ರೋಗಿಯು ಉಳಿಯುವನೋ ಇಲ್ಲವೋ ಎಂಬುದೇ ಅಲ್ಲಿ ವೈದ್ಯನ ಮುಂದಿರುವ ಪ್ರಶ್ನೆ. ಆ ಪ್ರಶ್ನೆಗೆ ಉತ್ತರ ಕೊಡದ ಕನಸು ಅವನಿಗೆ ನಿಷ್ಫಲವೇ ಸರಿ. ಆದರೆ ಬಯಕೆಯಿಂದ ಕನಸು ಹುಟ್ಟುವುದೆಂಬುದನ್ನು ಆ ಆಚಾರ್ಯರು ಅರಿತೇ ಇದ್ದರು. ಅರಿತು, ಹೆಸರಿಟ್ಟು, ಬದಿಗೆ ಇರಿಸಿದರು.

ಯವನದೇಶದಲ್ಲಿಯೂ ಹೀಗೆಯೇ ಆಯಿತು. ಕ್ರಿಸ್ತಶಕ ಎರಡನೆಯ ಶತಮಾನದಲ್ಲಿ ಆರ್ಟೆಮಿಡೋರಸನು ಸ್ವಪ್ನಫಲವನ್ನು ಕುರಿತು ಐದು ಭಾಗಗಳ ಗ್ರಂಥವನ್ನು ಬರೆದನು. ಹಸಿದವನು ಉಣ್ಣುವಂತೆ ಕಾಣುವ ಕನಸನ್ನೂ, ಪ್ರಣಯಿಯು ಪ್ರಿಯೆಯನ್ನು ಕಾಣುವ ಕನಸನ್ನೂ ಆತನು ಆರಂಭದಲ್ಲಿಯೇ ಬೇರ್ಪಡಿಸಿ, ಇವು ಇಂದಿನ ಸ್ಥಿತಿಯನ್ನು ತೋರುವುವೇ ಹೊರತು ಮುಂದಿನದನ್ನಲ್ಲವೆಂದು ಬಿಟ್ಟನು.

ಹೀಗೆ ಇಬ್ಬರೂ ಬಿಟ್ಟುದನ್ನು ಎತ್ತಿಕೊಂಡವನು ವಿಯೆನ್ನಾ ನಗರದ ವೈದ್ಯ ಸಿಗ್ಮಂಡ್ ಫ್ರಾಯ್ಡ್. ಆತನ ಸ್ವಪ್ನಗ್ರಂಥವು ೧೮೯೯ರ ನವೆಂಬರಿನಲ್ಲಿ ಹೊರಬಂದಿತಾದರೂ ಮುಖಪುಟದಲ್ಲಿ ೧೯೦೦ ಎಂದು ಅಚ್ಚಾಗಿತ್ತು. ಅಚ್ಚಾದ ಪ್ರತಿಗಳು ೬೦೦. ಅವು ಮಾರಾಟವಾಗಲು ಎಂಟು ವರ್ಷ ಹಿಡಿಯಿತು. ಆ ಗ್ರಂಥದಲ್ಲಿ ಒಂದು ಮನೆಯ ಪ್ರಸಂಗವಿದೆ. ಅವನ ೧೯ ತಿಂಗಳ ಮಗಳು ಅನ್ನಾ ವಾಂತಿ ಮಾಡಿಕೊಂಡುದರಿಂದ ದಿನವೆಲ್ಲ ಉಪವಾಸವಿದ್ದಳು. ಹೊಟ್ಟೆ ಕೆಟ್ಟುದು ಸ್ಟ್ರಾಬೆರಿ ಹಣ್ಣಿನಿಂದ ಎಂದು ದಾದಿಯು ಹೇಳಿದ್ದಳು. ಆ ರಾತ್ರಿ ಮಗು ನಿದ್ರೆಯಲ್ಲಿ ತನ್ನ ಹೆಸರನ್ನು ಹೇಳಿಕೊಂಡು, ಅದೇ ಹಣ್ಣಿನಿಂದ ಮೊದಲುಮಾಡಿ ತನಗಿಷ್ಟವಾದ ತಿನಿಸುಗಳನ್ನೆಲ್ಲ ತೊದಲಿತು. ಪ್ರಾರ್ಥಿತಕ್ಕೆ ಇದಕ್ಕಿಂತ ಶುದ್ಧವಾದ ಉದಾಹರಣೆ ದೊರೆಯದು. ದೊಡ್ಡವರಲ್ಲಿ ಬಯಕೆಯು ಹೀಗೆ ಬರಿಮೈಯಲ್ಲಿ ಬಾರದು, ವೇಷ ಹಾಕಿಕೊಂಡು ಬರುವುದು; ಹಲವು ಸಂಗತಿಗಳನ್ನು ಒಂದರಲ್ಲಿ ಅಡಕಮಾಡುವುದು, ಮುಖ್ಯವಾದುದರ ಭಾರವನ್ನು ಅಲ್ಪವಾದುದರ ಮೇಲೆ ಹೊರಿಸುವುದು ಎಂಬುವೇ ಆ ವೇಷದ ಮುಖ್ಯ ಉಪಾಯಗಳು, ಎಂದು ಫ್ರಾಯ್ಡನ ಮತ. ಚರಕನಲ್ಲಿ ಈ ವೇಷದ ವಿಚಾರವಿಲ್ಲ. ಮತ್ತು ಏಳರಲ್ಲೊಂದಾಗಿದ್ದ ಪ್ರಾರ್ಥಿತವನ್ನೇ ಫ್ರಾಯ್ಡನು ಸರ್ವಸ್ವಪ್ನಗಳಿಗೂ ಮೂಲವಾಗಿಸಿದನು. ಇದು ಅತಿವ್ಯಾಪ್ತಿಯೆಂದು ಯಾವ ತಾರ್ಕಿಕನಾದರೂ ಹೇಳದಿರನು.

ಕಲ್ಕತ್ತೆಯಲ್ಲಿ ೧೯೨೨ರಲ್ಲಿ ಭಾರತೀಯ ಮನೋವಿಶ್ಲೇಷಣ ಸಂಘವನ್ನು ಸ್ಥಾಪಿಸಿದ ಗಿರೀಂದ್ರಶೇಖರ ಬೋಸರು ಶಿಷ್ಯಭಾವದಿಂದ ಎಲ್ಲವನ್ನೂ ಒಪ್ಪಿದವರಲ್ಲ. ಪ್ರತಿಯೊಂದು ಬಯಕೆಯ ಜೊತೆಗೂ ಅದಕ್ಕೆ ವಿರುದ್ಧವಾದ ಬಯಕೆಯೊಂದು ಅಡಗಿರುವುದೆಂದು ಅವರು ವಾದಿಸಿದರು. ಪತ್ರಮುಖವಾಗಿ ಈ ಚರ್ಚೆ ಬಹುಕಾಲ ನಡೆಯಿತು. ಫ್ರಾಯ್ಡನು ಪೂರ್ಣವಾಗಿ ಒಪ್ಪಲಿಲ್ಲ.

ಬಳಿಕ ವಿಚಾರವು ಪ್ರಯೋಗಶಾಲೆಗೆ ಹೋಯಿತು. ೧೯೫೩ರಲ್ಲಿ ಷಿಕಾಗೋ ವಿಶ್ವವಿದ್ಯಾನಿಲಯದ ಅಸೆರಿನ್‌ಸ್ಕಿ ಮತ್ತು ಕ್ಲೈಟ್‌ಮನ್ ಎಂಬವರು, ನಿದ್ರೆಯ ಕೆಲವು ಅವಧಿಗಳಲ್ಲಿ ಮುಚ್ಚಿದ ರೆಪ್ಪೆಯೊಳಗೆ ಕಣ್ಣುಗಳು ವೇಗವಾಗಿ ಚಲಿಸುವುದನ್ನು ಪ್ರಕಟಿಸಿದರು. ಆ ಹೊತ್ತಿನಲ್ಲಿ ೨೭ ಸಲ ಎಬ್ಬಿಸಿ ಕೇಳಿದಾಗ ೨೦ ಸಲ ವಿವರವಾದ ಕನಸು ದೊರೆಯಿತು. ಕಣ್ಣು ನಿಶ್ಚಲವಾಗಿದ್ದಾಗ ೨೩ ಸಲ ಕೇಳಿದರೆ ೧೯ ಸಲ ಏನೂ ನೆನಪಿರಲಿಲ್ಲ. ೧೯೭೭ರಲ್ಲಿ ಹಾರ್ವರ್ಡಿನ ಹಾಬ್ಸನ್, ಮಕಾರ್ಲಿ ಎಂಬವರು ಇನ್ನೂ ಮುಂದೆ ಹೋಗಿ, ಮೆದುಳಿನ ಕಾಂಡದಿಂದ ಏಳುವ ಪ್ರೇರಣೆಗಳನ್ನು ಮೇಲಿನ ಮೆದುಳು ಹೇಗೋ ಹೊಂದಿಸಿ ಕಥೆ ಮಾಡುವುದೇ ಕನಸೆಂದೂ, ಅದರ ಮೂಲಪ್ರೇರಣೆಯಲ್ಲಿ ಬಯಕೆಗೆ ಸ್ಥಾನವಿಲ್ಲವೆಂದೂ ಹೇಳಿದರು. ಪ್ರಾರ್ಥಿತವು ಮತ್ತೆ ನಿಷ್ಫಲರ ಪಂಕ್ತಿಗೆ ಸೇರಿತು.

ಆದರೆ ೧೯೯೭ರಲ್ಲಿ ಮಾರ್ಕ್ ಸೋಮ್ಸ್ ಎಂಬ ವಿದ್ವಾಂಸನು ಮೆದುಳಿಗೆ ಪೆಟ್ಟಾದ ರೋಗಿಗಳ ವೃತ್ತಾಂತಗಳನ್ನು ಗ್ರಂಥರೂಪವಾಗಿ ಪ್ರಕಟಿಸಿದನು. ಮೆದುಳಿನ ಮುಂಭಾಗದ ಒಳಗಡೆ ಕೆಲವು ತಂತುಗಳು ಕೆಟ್ಟವರಲ್ಲಿ ಕನಸು ನಿಂತುಹೋಗಿತ್ತು. ಕಣ್ಣಿನ ಚಲನೆಯುಳ್ಳ ನಿದ್ರೆಯನ್ನುಂಟುಮಾಡುವ ಮೆದುಳಿನ ಕಾಂಡಕ್ಕಾದರೋ ಹಾನಿಯಿರಲಿಲ್ಲ. ಆ ತಂತುಗಳು ಬೇಕೆಂಬ ಪ್ರವೃತ್ತಿಗೆ, ಅರಸುವ ಉತ್ಸಾಹಕ್ಕೆ ಸಂಬಂಧಿಸಿದವು. ಹಾಬ್ಸನ್ ಇದನ್ನು ಒಪ್ಪಲಿಲ್ಲ. ಒಪ್ಪಿದರೂ, ಬಯಕೆಯ ಬಲವಿಲ್ಲದೆ ಕನಸು ಏಳದೆಂಬಷ್ಟು ಮಾತ್ರ ಇದರಿಂದ ಸಿದ್ಧಿಸುವುದು; ಬಯಕೆಯ ಪೂರೈಕೆಯೇ ಕನಸಿನ ಅರ್ಥವೆಂಬುದು ಬೇರೆ ಪ್ರತಿಜ್ಞೆ, ಅದಕ್ಕೆ ಬೇರೆ ಪ್ರಮಾಣ ಬೇಕು.