ಪುರದ ಹುಡುಗರು ನಡೆಸಿದ ಕರೆಂಟ್ ಘಟಕ

ಸೋಲಾರ್ ಪಾರ್ಕ್ ಬಂದ ಊರಿನ ಹುಡುಗರಿಗೆ ಅಲ್ಲಿ ಯಾವ ಕೆಲಸ? ಇದಕ್ಕೆ ತುಮಕೂರು ಜಿಲ್ಲೆಯಲ್ಲೇ ಒಂದು ಹಳೆಯ ಉತ್ತರ ಇದೆ.

1974ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪ್ರೊ. ಅಮೂಲ್ಯ ರೆಡ್ಡಿ ಅವರು ‘ಅಸ್ತ್ರ’ ಶುರು ಮಾಡಿದರು. ಹಳ್ಳಿಗೆ ಬೇಕಾದ ತಂತ್ರಜ್ಞಾನ ರೂಪಿಸುವುದೇ ಅದರ ಕೆಲಸ. ಈ ತಂಡ ಕುಣಿಗಲ್ ತಾಲ್ಲೂಕಿನ ಪುರ ಗ್ರಾಮದಲ್ಲಿ ಊರಿಗೆಲ್ಲ ಒಂದೇ ಗೋಬರ್ ಗ್ಯಾಸ್ ಘಟಕ ಕಟ್ಟಿತು. ಮೊದಲು ಅಡುಗೆಗೆ ಗ್ಯಾಸ್ ಕೊಡಲು ನೋಡಿದರು. ಸಗಣಿ ಸಾಲಲಿಲ್ಲ. ಆಮೇಲೆ ಗ್ಯಾಸಿನ ಜೊತೆ ಸ್ವಲ್ಪ ಡೀಸೆಲ್ ಹಾಕಿ ಎಂಜಿನ್ ಓಡಿಸಿದರು. 1987ರಿಂದ ಮನೆಗಳಿಗೆ ದೀಪ ಬಂತು, ಕುಡಿಯುವ ನೀರೂ ಬಂತು. ಸಗಣಿ ತಂದವರಿಗೆ ಕಾಸು ಸಿಗುತ್ತಿತ್ತು, ಗ್ಯಾಸ್ ತೆಗೆದ ಮೇಲೆ ಗೊಬ್ಬರವೂ ವಾಪಸ್.

ಘಟಕವನ್ನು ದಿನಾ ನಡೆಸಿದವರು ಅದೇ ಊರಿನ ಯುವಕರು. ಅವರು ಕೆಲಸ ಮಾಡುತ್ತಲೇ ಕಲಿತರು.

2015ರಲ್ಲಿ ಕೇಂದ್ರ ಸರ್ಕಾರ ‘ಸೂರ್ಯಮಿತ್ರ’ ತರಬೇತಿ ತಂದಿತು. 600 ಗಂಟೆ, ಸುಮಾರು ಮೂರು ತಿಂಗಳು, ವಸತಿ ಸಹಿತ ಉಚಿತ. ಎಸ್ಸೆಸ್ಸೆಲ್ಸಿ ಜೊತೆ ಐಟಿಐ ಎಲೆಕ್ಟ್ರಿಷಿಯನ್ ಓದಿದವರೂ ಸೇರಬಹುದಿತ್ತು. ಅದೇ ಜಿಲ್ಲೆಯ ಪಾವಗಡದಲ್ಲಿ ರೈತರಿಂದ ಗುತ್ತಿಗೆಗೆ ಪಡೆದ ಸುಮಾರು 13,000 ಎಕರೆಯಲ್ಲಿ 2,050 ಮೆಗಾವ್ಯಾಟ್ ಸೋಲಾರ್ ಪಾರ್ಕ್ ಎದ್ದಿತು.

ಜಮೀನು ಕೊಟ್ಟ ಮನೆಯ ಮಕ್ಕಳು ಪ್ಯಾನೆಲ್ ಒರೆಸುವುದಕ್ಕೆ, ಹುಲ್ಲು ಕೊಯ್ಯುವುದಕ್ಕೆ ಮಾತ್ರ ನಿಲ್ಲಬಾರದು. ಪುರದಲ್ಲಿ ಕಲಿತವರ ಕೈಗೇ ಯಂತ್ರ ಕೊಟ್ಟಿದ್ದರು. ನಾವು ಕೇಳುವುದೂ ಅಷ್ಟೇ: ಸರ್ಟಿಫಿಕೇಟ್ ಕೊಡಿ, ಜೊತೆಗೆ ಯಂತ್ರವನ್ನೂ ನಂಬಿ ಕೊಡಿ.