ಮುಳುಗಡೆ: ನೆರೆಯಲ್ಲ, ನೆಲೆ ತಪ್ಪಿದ್ದು

ಮುಳುಗಡೆ (ನಾ.) 2019ರ ಆಗಸ್ಟ್‌ನಲ್ಲಿ ಘಟಪ್ರಭೆ ಉಕ್ಕಿ ಗೋಕಾಕ, ಮೂಡಲಗಿ ಭಾಗದ ಮನೆಗಳಿಗೆ ನೀರು ನುಗ್ಗಿದಾಗ ಪದೇ ಪದೇ ಕೇಳಿಬಂದ ಪದ. ಮೂಲ ಹಳಗನ್ನಡದ 'ಮುೞುಗು'; ತಮಿಳಿನಲ್ಲೂ 'ಮುೞುಗು', ತೆಲುಗಿನಲ್ಲಿ 'ಮುನುಗು'. ಹೊತ್ತು ಮುಳುಗುತ್ತದೆ; ಸಾಲದಲ್ಲಿ ಮನೆತನವೂ ಮುಳುಗುತ್ತದೆ.

ಅಣೆಕಟ್ಟುಗಳ ಕಾಲದಲ್ಲಿ ಇದು ಸರ್ಕಾರಿ ಕಡತದ ಪದವಾಯಿತು: ಜಲಾಶಯದ ಪಾಲಾದ ಊರು, ಹೊಲ. ಹುಕ್ಕೇರಿ ತಾಲ್ಲೂಕಿನ ಹಿಡಕಲ್ ಜಲಾಶಯ ಬತ್ತಿದಾಗ ಹುನ್ನೂರಿನ ವಿಠ್ಠಲ ಗುಡಿ ಕಾಣಿಸಿಕೊಳ್ಳುತ್ತದೆ. ಊರಿನವರು ಎಂದೋ ಬೇರೆಡೆ ನೆಲೆ ಹುಡುಕಿಕೊಂಡವರು. 'ಮುಳುಗಡೆ ಸಂತ್ರಸ್ತರು' ಎಂದಾಗ ಪರಿಹಾರದ ಹಳೆಯ ತಕರಾರೂ ಜೊತೆಗೇ ಬರುತ್ತದೆ.

ನೀರಿಳಿದ ಮೇಲೆ ಮನೆಗೆ ಮರಳಬಹುದಾದರೆ ಅದು ನೆರೆ, ಮರಳಲಾಗದಿದ್ದರೆ ಮುಳುಗಡೆ. ಪತ್ರಿಕೆಗಳು ಈ ಭೇದ ಉಳಿಸಿಕೊಳ್ಳಲಿ.