ಸಿನ್ನರಿನಲ್ಲಿ ಒಂದು ಹಗಲು: ಸೇವುಣರ ಮೊದಲ ನೆಲೆ

ಒಂದೆರಡು ದಿನಗಳ ಬಿಡುವಿನಲ್ಲಿ ಒಂದು ಪಟ್ಟಣವನ್ನು ನೋಡಿ ಬರುವ ರೂಢಿಯು ಯುರೋಪಿನಲ್ಲಿ ಬೇರೂರಿ ಬಹುಕಾಲವಾಯಿತು. ೧೮೪೧ರ ಜುಲೈ ತಿಂಗಳಲ್ಲಿ ಥಾಮಸ್ ಕುಕ್ ಎಂಬಾತನು ಲೆಸ್ಟರಿನಿಂದ ಲಫ್‌ಬರೋವಿಗೆ ರೈಲಿನಲ್ಲಿ ಜನರನ್ನು ಕರೆದೊಯ್ದದ್ದು ಒಂದು ಹಗಲಿನ ಪ್ರವಾಸವೇ ಆಗಿತ್ತು. ಆಮೇಲೆ ಬೇಡೆಕರನ ಕೈಪಿಡಿಗಳು ನೋಡಲೇಬೇಕಾದ ಸ್ಥಳಗಳಿಗೆ ನಕ್ಷತ್ರದ ಗುರುತನ್ನಿಟ್ಟು, ಸಮಯವಿಲ್ಲದವನ ಕಣ್ಣಿಗೆ ದಾರಿ ತೋರಿದವು. ಇಂದು ಲಂಡನ್ನಿನ ಕನ್ನಡ ಕುಟುಂಬವೊಂದು ಶುಕ್ರವಾರ ಸಂಜೆ ವಿಮಾನವೇರಿ, ರೋಮ್ ನಗರವನ್ನು ಕಂಡು, ಸೋಮವಾರ ಕೆಲಸಕ್ಕೆ ಮರಳಬಹುದು. ಮುಂಬಯಿ ಪುಣೆಗಳಲ್ಲಿ ನೆಲೆಸಿದ ನಮ್ಮವರಿಗೂ ಇಂಥ ಒಂದು ಸಿದ್ಧವಾದ ಪ್ರವಾಸವಿದೆ: ತ್ರ್ಯಂಬಕೇಶ್ವರ, ಪಂಚವಟಿ, ಶಿರಡಿ, ವೇರೂಳು, ಘೃಷ್ಣೇಶ್ವರ, ಎರಡು ಹಗಲು, ಒಂದು ರಾತ್ರಿ. ಈ ದಾರಿಯಲ್ಲಿ ನಾಸಿಕದಿಂದ ಆಗ್ನೇಯಕ್ಕೆ ಸುಮಾರು ೩೦ ಕಿಲೋಮೀಟರಿನಲ್ಲಿ ಸಿನ್ನರ್ ಎಂಬ ಊರು ಸಿಕ್ಕುತ್ತದೆ. ಅಲ್ಲಿ ಬಸ್ಸು ನಿಂತರೂ ಚಹಕ್ಕಾಗಿ ನಿಲ್ಲುವುದೇ ಹೊರತು ಇತಿಹಾಸಕ್ಕಾಗಿ ಅಲ್ಲ. ಕನ್ನಡ ಇತಿಹಾಸದ ಅಭ್ಯಾಸಿಗೆ ಆ ಊರು ಒಂದು ಹಗಲಿಗೆ ಯೋಗ್ಯವಾದುದೆಂಬುದನ್ನೂ, ಆ ಹಗಲಿನಲ್ಲಿ ಅವನು ಯಾವ ಪ್ರಶ್ನೆಯನ್ನು ಜೊತೆಗೆ ಒಯ್ಯಬೇಕೆಂಬುದನ್ನೂ ವಿವೇಚಿಸುವುದು ಪ್ರಕೃತ ಲೇಖನದ ಉದ್ದೇಶ.

ಸಿನ್ನರ್ ಈಗ ನಾಸಿಕ ಜಿಲ್ಲೆಯ ಒಂದು ತಾಲೂಕಿನ ಮುಖ್ಯ ಸ್ಥಳ. ಬೀಡಿಯ ಕಸುಬಿಗೂ ಇತ್ತೀಚಿನ ಕೈಗಾರಿಕಾ ವಸಾಹತಿಗೂ ಹೆಸರಾದ ಈ ಊರನ್ನು ವಿದ್ವಾಂಸರು ಹಳೆಯ ತಾಮ್ರಪಟಗಳಲ್ಲಿ ಬರುವ ಸಿಂದಿನಗರವೆಂದು ಗುರುತಿಸುತ್ತಾರೆ. ಸೇವುಣರ, ಎಂದರೆ ದೇವಗಿರಿಯ ಯಾದವರ, ವಂಶದ ಕಥೆಯು ಎರಡು ಆಧಾರಗಳಿಂದ ನಮಗೆ ತಿಳಿದುಬರುತ್ತದೆ. ಒಂದು, ೧೦೬೯ರ ವಸಯಿ ತಾಮ್ರಪಟ. ಇನ್ನೊಂದು, ಮಹಾದೇವ ಮತ್ತು ರಾಮಚಂದ್ರರ ಮಂತ್ರಿಯಾಗಿದ್ದ ಹೇಮಾದ್ರಿಯ ‘ಚತುರ್ವರ್ಗ ಚಿಂತಾಮಣಿ’ಯಲ್ಲಿ ಸೇರಿರುವ ರಾಜಪ್ರಶಸ್ತಿ. ಇವುಗಳನ್ನು ಜೋಡಿಸಿ ಈ ವಂಶದ ಚರಿತ್ರೆಗೆ ಮೊದಲು ಒಂದು ಕ್ರಮವನ್ನು ತಂದವರು ರಾಮಕೃಷ್ಣ ಗೋಪಾಲ ಭಾಂಡಾರಕರರು. ದೃಢಪ್ರಹಾರನು ಮೂಲಪುರುಷ; ಅವನ ಮಗ ಸೇವುಣಚಂದ್ರನಿಂದ ನಾಡಿಗೆ ಸೇವುಣದೇಶವೆಂಬ ಹೆಸರು ಬಂದಿತು. ಈ ವಂಶದವರು ಮೊದಲು ರಾಷ್ಟ್ರಕೂಟರಿಗೂ ಬಳಿಕ ಕಲ್ಯಾಣದ ಚಾಲುಕ್ಯರಿಗೂ ಸಾಮಂತರಾಗಿದ್ದರು. ಹನ್ನೆರಡನೆಯ ಶತಮಾನದ ಕೊನೆಯಲ್ಲಿ ಐದನೆಯ ಭಿಲ್ಲಮನು ಸ್ವತಂತ್ರನಾಗಿ ದೇವಗಿರಿಯನ್ನು ರಾಜಧಾನಿ ಮಾಡಿಕೊಳ್ಳುವವರೆಗೆ, ಸಿನ್ನರಿನ ಸುತ್ತಣ ನೆಲವೇ ಅವರ ಮನೆಯಂಗಳ.

ಈ ಮೊದಲ ಕಾಲದಲ್ಲಿಯೇ ದಕ್ಷಿಣದ ನಂಟು ಕಾಣುತ್ತದೆ. ಎರಡನೆಯ ಭಿಲ್ಲಮನ ರಾಣಿಯ ಹೆಸರು ಲಚ್ಚಿಯವ್ವೆ. ಹೆಸರಿನ ಕೊನೆಯ ‘ಅವ್ವೆ’ ನಮ್ಮ ಕಿವಿಗೆ ಹೊಸದಲ್ಲ. ಮೂರನೆಯ ಭಿಲ್ಲಮನು ಕಲ್ಯಾಣದ ಚಾಲುಕ್ಯ ಜಯಸಿಂಹನ ಮಗಳನ್ನು ಮದುವೆಯಾದನು. ಅರಮನೆಯ ಮದುವೆಗಳ ಜೊತೆಯಲ್ಲಿ ದಾಸಿಯರು, ಲೆಕ್ಕಿಗರು, ಗಾಯಕರು, ಶಿಲ್ಪಿಗಳು ಬಂದಿರಬಹುದೆಂದು ಊಹಿಸುವುದು ಅಸಂಗತವಲ್ಲ.

ಈಗ ಊರೊಳಗೆ ಬರೋಣ. ಊರಿನ ಈಶಾನ್ಯಕ್ಕೆ ಎತ್ತರವಾದ ಜಗತಿಯ ಮೇಲೆ ಗೊಂದೇಶ್ವರನ ಗುಡಿ ನಿಂತಿದೆ. ರಾವ್ ಗೋವಿಂದನೆಂಬ ಗವಳಿ ಅರಸನು ಎರಡು ಲಕ್ಷ ರೂಪಾಯಿ ವೆಚ್ಚಮಾಡಿ ಇದನ್ನು ಕಟ್ಟಿಸಿದನೆಂಬುದು ಸ್ಥಳದ ಐತಿಹ್ಯ. ರಚನೆಯ ಕಾಲವು ಹನ್ನೆರಡು, ಹದಿಮೂರನೆಯ ಶತಮಾನವೆಂದು ತಜ್ಞರು ಎಣಿಸುತ್ತಾರೆ. ಇದು ಶೈವ ಪಂಚಾಯತನ. ನಡುವೆ ಪೂರ್ವಾಭಿಮುಖವಾದ ಶಿವಾಲಯ, ಎದುರಿಗೆ ನಂದಿಮಂಟಪ, ನಾಲ್ಕು ಮೂಲೆಗಳಲ್ಲಿ ವಿಷ್ಣು, ಗಣಪತಿ, ಪಾರ್ವತಿ, ಸೂರ್ಯರ ಕಿರುಗುಡಿಗಳು. ಎಲ್ಲವೂ ಈ ಸೀಮೆಯ ಕಪ್ಪು ಕಲ್ಲಿನಲ್ಲಿ ಆದುದು. ಬೆಳಗಿನ ಬಿಸಿಲಿನಲ್ಲಿ ಜಗತಿಯ ಮೇಲೆ ಒಂದು ಪ್ರದಕ್ಷಿಣೆ ಬಂದು ಶಿಖರವನ್ನು ನೋಡಬೇಕು. ನಾಲ್ಕೂ ದಿಕ್ಕುಗಳ ನಡುವಿನಲ್ಲಿ ಬುಡದಿಂದ ತುದಿಯವರೆಗೆ ಬಳ್ಳಿಯಂತೆ ಏರುವ ಒಂದೊಂದು ಪಟ್ಟಿ. ಆ ಪಟ್ಟಿಗಳ ನಡುವಣ ಮೈಯಲ್ಲಿ ಪುಟ್ಟ ಪುಟ್ಟ ಶಿಖರಗಳು ಸಾಲು ಸಾಲಾಗಿ, ಮೇಲೇರಿದಂತೆಲ್ಲ ಕಿರಿದಾಗುತ್ತ ಹೋಗುತ್ತವೆ. ಇದೇ ಭೂಮಿಜವೆಂಬ ಶೈಲಿ. ಮಾಳವದ ಪರಮಾರರು ಇದನ್ನು ಬೆಳೆಸಿದರು. ೧೦೮೦ರ ವೇಳೆಗೆ ಮುಗಿದ ಉದಯಪುರದ ಉದಯೇಶ್ವರ ಅದರ ಶ್ರೇಷ್ಠ ಮಾದರಿ. ಮುಂಬಯಿಯ ವಾಚಕರು ಲೋಕಲ್ ರೈಲಿನಲ್ಲಿಯೇ ಹೋಗಿ ನೋಡಬಹುದಾದ, ಶಿಲಾಹಾರರ ಕಾಲದ ೧೦೬೦ರ ಶಾಸನವುಳ್ಳ ಅಂಬರನಾಥದ ಗುಡಿಯೂ ಇದೇ ಕುಲದ್ದು.

ಹಾಗಾದರೆ ಸಿನ್ನರಿನ ಗುಡಿ ಉತ್ತರದ್ದೆಂದು ಹೇಳಿ ಮುಗಿಸಬಹುದೆ? ಊರಿನಲ್ಲಿಯೇ ಇದಕ್ಕೆ ಉತ್ತರವಿದೆ. ಗೊಂದೇಶ್ವರಕ್ಕಿಂತ ಹಳೆಯದಾದ ಐಯೇಶ್ವರನ ಗುಡಿ ಗಾತ್ರದಲ್ಲಿ ಚಿಕ್ಕದು, ಶಿಖರವನ್ನು ಕಳೆದುಕೊಂಡಿದೆ, ನೋಡುವವರೂ ಕಡಿಮೆ. ಆದರೆ ಗರ್ಭಗೃಹದ ಮುಂದಣ ಮಕರತೋರಣವನ್ನು ಕಂಡ ಕನ್ನಡಿಗನಿಗೆ ಲಕ್ಕುಂಡಿಯೋ ಕುಕ್ಕನೂರೋ ನೆನಪಾಗದಿರದು. ಅದರ ಶೈಲಿ ದಕ್ಷಿಣದ ಚಾಲುಕ್ಯ ಗುಡಿಗಳಿಗೆ ಸಮೀಪವಾದುದು. ಹೆನ್ರಿ ಕಸಿನ್ಸರು ದಖ್ಖಣದ ಮಧ್ಯಯುಗದ ದೇವಾಲಯಗಳನ್ನು ಕುರಿತ ತಮ್ಮ ೧೯೩೧ರ ಗ್ರಂಥದಲ್ಲಿ ಈ ಎರಡು ಗುಡಿಗಳನ್ನೂ ವರ್ಣಿಸಿದ್ದಾರೆ. ಅತ್ತ ಭೂಮಿಜ ಶಿಖರದ ಕಲ್ಪನೆ ದಕ್ಷಿಣಕ್ಕೂ ಇಳಿಯಿತು: ಬೇಲೂರಿನ ಚೆನ್ನಕೇಶವನ ಬಾಗಿಲುಗಳ ಇಕ್ಕೆಲದ ಕಿರುಗುಡಿಗಳ ತಲೆಯ ಮೇಲೆ ಅದೇ ಮಾದರಿಯ ಪುಟ್ಟ ಶಿಖರಗಳಿವೆ. ಹೀಗೆ ಒಂದೇ ಊರಿನ ಎರಡು ಗುಡಿಗಳಲ್ಲಿ ಒಂದು ಮಾಳವದ ಕಡೆಗೆ, ಇನ್ನೊಂದು ಕುಂತಳದ ಕಡೆಗೆ ಮುಖಮಾಡಿ ನಿಂತಿದೆ.

ಇಲ್ಲಿ ನಮ್ಮವರನ್ನು ಕಾಡುವ ಪ್ರಶ್ನೆಯೊಂದನ್ನು ಎತ್ತಿಕೊಳ್ಳಬೇಕು. ಸೇವುಣರು ಯಾರವರು? ಕನ್ನಡಿಗರೋ ಮರಾಠಿಗರೋ? ಕನ್ನಡದ ಪರವಾದ ಸಾಕ್ಷ್ಯ ಅಲ್ಪವಲ್ಲ. ಸೇವುಣರ ನೂರಾರು ಕನ್ನಡ ಶಾಸನಗಳು ದೊರೆತಿವೆ. ಕನ್ನಡ ಅಕ್ಷರಗಳುಳ್ಳ ಅವರ ನಾಣ್ಯಗಳೂ ಸಿಕ್ಕಿವೆ. ಸಿಂಘಣನ ಕಾಲದಲ್ಲಿ ಬೀಚಣನಂಥ ಅಧಿಕಾರಿಯು ರಾಜ್ಯದ ದಕ್ಷಿಣ ಭಾಗವನ್ನು ಆಳಿದನು. ಪಂಢರಪುರದ ವಿಠ್ಠಲನ ಭಕ್ತನಾದ ಚೌಂಡರಸನು ‘ಅಭಿನವ ದಶಕುಮಾರಚರಿತೆ’ಯನ್ನು ಕನ್ನಡದಲ್ಲಿ ರಚಿಸಿದನು. ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯವು ೧೯೭೩ರಲ್ಲಿ ಪ್ರಕಟಿಸಿದ ಶ್ರೀನಿವಾಸ ರಿತ್ತಿಯವರ ಗ್ರಂಥವು ಈ ಸಾಕ್ಷ್ಯಗಳನ್ನೆಲ್ಲ ಒಂದೆಡೆ ತಂದಿತು. ಅದಕ್ಕೂ ಮುನ್ನ ಶಂ. ಬಾ. ಜೋಶಿಯವರು ಮಹಾರಾಷ್ಟ್ರದ ಸಂಸ್ಕೃತಿಯಲ್ಲಿ ಕನ್ನಡದ ಬೇರುಗಳನ್ನು ಹುಡುಕಿದ್ದು ವಿದಿತವೇ ಇದೆ.

ಆದರೆ ತಕ್ಕಡಿಯ ಇನ್ನೊಂದು ತಟ್ಟೆಯೂ ಬರಿದಲ್ಲ. ಆ ಕನ್ನಡ ಶಾಸನಗಳಲ್ಲಿ ಬಹುಭಾಗ ದೊರೆತಿರುವುದು ಇಂದಿನ ಕರ್ನಾಟಕದಲ್ಲಿ. ಸಿನ್ನರಿನ ಸುತ್ತಣ ಮೊದಲ ಕಾಲದ ತಾಮ್ರಪಟಗಳ ಭಾಷೆ ಸಂಸ್ಕೃತ. ‘ಜ್ಞಾನೇಶ್ವರಿ’ಯು ೧೨೯೦ರಲ್ಲಿ ನೇವಾಸೆಯಲ್ಲಿ ಮರಾಠಿಯಲ್ಲಿ ಮೈದಾಳಿದ್ದು ರಾಮಚಂದ್ರನ ಆಳ್ವಿಕೆಯಲ್ಲಿಯೇ, ಆ ಗ್ರಂಥವು ಅವನನ್ನು ಹೆಸರಿಸುತ್ತದೆ ಕೂಡ. ಕನ್ನಡನಾಡಿನ ಉತ್ತರದ ಮೇರೆಯನ್ನು ‘ಕವಿರಾಜಮಾರ್ಗ’ವು ಗೋದಾವರಿಯಲ್ಲಿಟ್ಟಿದೆಯೆಂದೂ, ಸಿನ್ನರ್ ಗೋದಾವರಿಯ ದಕ್ಷಿಣಕ್ಕಿದೆಯೆಂದೂ ನಾವು ವಾದಿಸಬಹುದು. ಆದರೆ ಅದೇ ಗ್ರಂಥವು ತಿರುಳ್ಗನ್ನಡದ ನೆಲೆಯನ್ನು ಕಿಸುವೊಳಲು, ಕೊಪಣ, ಪುಲಿಗೆರೆ, ಒಂಕುಂದಗಳ ನಡುವೆ ಗುರುತಿಸುತ್ತದೆ. ಅದು ಇಲ್ಲಿಂದ ಬಹುದೂರ. ಮೇರೆಯನ್ನು ಹೇಳಿದ ಮಾತ್ರಕ್ಕೆ ಮೇರೆಯಲ್ಲಿದ್ದ ಪ್ರತಿಯೊಂದು ಊರಿನ ಮನೆಮಾತನ್ನು ಹೇಳಿದಂತಾಗದು.

ಮೊದಲು ಹೇಳಿದ ಯುರೋಪಿನ ಪ್ರವಾಸಿಯಿಂದ ಈ ವಿಷಯದಲ್ಲಿ ಕಲಿಯಬೇಕಾದ ಒಂದು ಪಾಠವಿದೆ. ಸಿಸಿಲಿಯ ಪಲೆರ್ಮೊ ನಗರಕ್ಕೆ ಒಂದು ದಿನಕ್ಕೆಂದು ಹೋದವನೂ ಅಲ್ಲಿಯ ಅರಮನೆಯ ಪ್ರಾರ್ಥನಾಮಂದಿರವನ್ನು ನೋಡದೆ ಬರುವುದಿಲ್ಲ. ಅದು ಸೇವುಣರ ಸಮಕಾಲೀನವಾದುದು. ಕಟ್ಟಿಸಿದವನು ನಾರ್ಮನ್ ಕುಲದ ಎರಡನೆಯ ರಾಜರನು. ಗೋಡೆಯ ಬಣ್ಣದ ಹರಳುಗಳ ಚಿತ್ರಗಳು ಬೈಜಾಂಟೈನ್ ಪದ್ಧತಿಯವು. ಮರದ ಮಾಳಿಗೆ ಅರಬ್ಬೀ ಕೈವಾಡದ್ದು. ಅದೇ ಅರಸನ ನೀರುಗಡಿಯಾರದ ೧೧೪೨ರ ಶಾಸನವು ಲ್ಯಾಟಿನ್, ಗ್ರೀಕ್, ಅರಬ್ಬೀ ಮೂರು ಭಾಷೆಗಳಲ್ಲಿದೆ. ಇದು ಯಾರದೆಂಬ ಜಗಳವನ್ನು ಹೊತ್ತು ಹೋದವನಿಗೆ ಅಲ್ಲಿ ಕಾಣುವುದು ಕಡಿಮೆ. ಇವೆಲ್ಲ ಒಂದು ಮಾಡಿನ ಕೆಳಗೆ ಹೇಗೆ ಕೂಡಿದವೆಂದು ಕೇಳಿದವನಿಗೆ ಅರ್ಧ ದಿನವೂ ಸಾರ್ಥಕ. ಸಂಸ್ಕೃತ, ಕನ್ನಡ, ಮರಾಠಿಗಳನ್ನು ಒಂದೇ ರಾಜ್ಯದಲ್ಲಿ ನಡೆಸಿದ ಸೇವುಣರನ್ನೂ ನಾವು ಹೀಗೆಯೇ ನೋಡಬೇಕಾಗಿದೆ.

ಹೊರನಾಡಿನ ಕನ್ನಡಿಗನಿಗೆ ಇದು ಕೇವಲ ಪಾಂಡಿತ್ಯದ ಮಾತಲ್ಲ. ತಾನಿರುವ ನೆಲದ ಚರಿತ್ರೆಯಲ್ಲಿ ತನ್ನ ಪಾಲೇನೂ ಇಲ್ಲವೆಂದು ತಿಳಿದವನು ಎಷ್ಟು ವರ್ಷ ಬಾಳಿದರೂ ಅಲ್ಲಿ ಅತಿಥಿಯಾಗಿಯೇ ಉಳಿಯುತ್ತಾನೆ. ಎಲ್ಲವೂ ತನ್ನದೇ ಎಂದು ಸಾಧಿಸಹೊರಟವನು ನೆರೆಯವನ ಮನಸ್ಸನ್ನು ಕಳೆದುಕೊಳ್ಳುತ್ತಾನೆ. ಸಿನ್ನರ್ ಈ ಎರಡು ತುದಿಗಳ ನಡುವಣ ದಾರಿಯನ್ನು ಕಲ್ಲಿನಲ್ಲಿ ತೋರಿಸುತ್ತದೆ. ಐಯೇಶ್ವರದ ತೋರಣದಲ್ಲಿ ನಮ್ಮ ಪಾಲಿದೆ. ಗೊಂದೇಶ್ವರದ ಶಿಖರದಲ್ಲಿ ಮಾಳವದ ಪಾಲಿದೆ. ಎರಡನ್ನೂ ಇಂದಿಗೂ ತನ್ನದೆಂದು ಪೂಜಿಸುತ್ತಿರುವವರು ಈ ಊರಿನ ಮರಾಠಿ ಜನ.

ಆದುದರಿಂದ ಸಂಘದ ಸದಸ್ಯರು ಮುಂದಿನ ಪ್ರವಾಸದಲ್ಲಿ ಒಂದು ಸ್ಥಳವನ್ನು ಬಿಟ್ಟಾದರೂ ಸಿನ್ನರಿಗೆ ಒಂದು ಹಗಲನ್ನು ಕೊಡಬೇಕೆಂದು ನಮ್ಮ ಸೂಚನೆ. ಬೆಳಿಗ್ಗೆ ಗೊಂದೇಶ್ವರ, ಬಳಿಕ ಐಯೇಶ್ವರ, ಸಂಜೆ ನಾಸಿಕದ ಗೋದಾವರೀ ತೀರ. ಮರುದಿನಕ್ಕೆ ಬಿಡುವಿದ್ದರೆ ದೇವಗಿರಿ. ಸೇವುಣರು ಹೊರಟ ಊರನ್ನೂ, ೧೨೯೬ರಲ್ಲಿ ಅಲ್ಲಾವುದ್ದೀನನ ದಾಳಿಗೆ ಸಿಕ್ಕಿ ಮುಂದೆ ಇಪ್ಪತ್ತೆರಡು ವರ್ಷಗಳೊಳಗೆ ಅವರು ಅಳಿದ ಕೋಟೆಯನ್ನೂ ಹೀಗೆ ಕ್ರಮವಾಗಿ ಕಂಡಂತಾಗುತ್ತದೆ. ಮುಂಬಯಿ–ನಾಗಪುರಗಳ ನಡುವಣ ಸಮೃದ್ಧಿ ಮಹಾಮಾರ್ಗವು ೨೦೨೫ರಲ್ಲಿ ಪೂರ್ಣವಾದ ಮೇಲೆ ಈ ಸೀಮೆಯನ್ನು ದಾಟಿಹೋಗುವುದು ಇನ್ನೂ ಸುಲಭವಾಗಿದೆ. ದಾಟಿಹೋಗುವುದು ಸುಲಭವಾದಷ್ಟೂ, ಇಳಿದು ನೋಡುವ ಸಂಕಲ್ಪವನ್ನು ಮನೆಯಿಂದಲೇ ಮಾಡಿಕೊಂಡು ಹೊರಡುವುದು ಅಗತ್ಯ.